ಹಳೆಯ ಎಸ್‌ಯುವಿಗಳು ಏಕೆ ಮಗುಚುತ್ತಿದ್ದವು

2000ದ ಆಸುಪಾಸಿನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಕೊಡುತ್ತಿದ್ದ ಲೆಕ್ಕ ಒಂದಿದೆ. ಅಲ್ಲಿನ ಅಪಘಾತಗಳಲ್ಲಿ ಗಾಡಿ ಪಲ್ಟಿ ಹೊಡೆಯುವಂಥವು ನೂರಕ್ಕೆ ಮೂರರಷ್ಟು. ಆದರೆ ಗಾಡಿಯೊಳಗೆ ಕೂತು ಪ್ರಾಣ ಕಳೆದುಕೊಂಡವರಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಜನ ಸತ್ತದ್ದು ಅಂಥ ಅಪಘಾತಗಳಲ್ಲೇ. ಅವುಗಳಲ್ಲಿ ಎಸ್‌ಯುವಿಗಳದ್ದು ದೊಡ್ಡ ಪಾಲು. ಮಕ್ಕಳಿರುವ ಮನೆಗೆ ಇದೇ ಭದ್ರ ಎಂದುಕೊಂಡು ಅಪ್ಪ ಅಮ್ಮಂದಿರು ಸಾಲ ಮಾಡಿ ತಂದ ಗಾಡಿಗಳು ಅವು. ಎತ್ತರದಲ್ಲಿ ಕೂತರೆ ರಸ್ತೆ ಬಹುದೂರ ಕಾಣುತ್ತದೆ, ಸುತ್ತ ಗಟ್ಟಿ ತಗಡಿದೆ, ಎದುರಿಗೆ ಏನು ಬಂದರೂ ಪರವಾಗಿಲ್ಲ ಎಂಬ ಧೈರ್ಯ ಹುಟ್ಟುತ್ತದೆ. ಆ ಧೈರ್ಯ ಕೊಟ್ಟ ಎತ್ತರದಲ್ಲೇ ಅಪಾಯವೂ ಇತ್ತು. ಗಾಡಿ ಕಟ್ಟುವವರಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಕೊಳ್ಳುವವರಿಗೆ ಗೊತ್ತಾಗಲು ಇಪ್ಪತ್ತು ವರ್ಷ ಹಿಡಿಯಿತು.

ಲೆಕ್ಕ ಸರಳವಾದದ್ದು. ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವಿನ ಅಗಲ ಎಷ್ಟು ಅಂತ ಅಳೆಯಿರಿ. ಅದರ ಅರ್ಧವನ್ನು, ಗಾಡಿಯ ಗುರುತ್ವಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಿ. ಬರುವ ಸಂಖ್ಯೆಗೆ ಸ್ಥಿರತಾ ಅಂಕ ಎನ್ನೋಣ. ಸಾಮಾನ್ಯ ಕಾರುಗಳಿಗೆ ಅದು 1.3ರಿಂದ 1.5ರವರೆಗೆ ಬರುತ್ತದೆ. ಆ ಕಾಲದ ಅನೇಕ ಎಸ್‌ಯುವಿಗಳದ್ದು 1.0ರಿಂದ 1.2ರ ನಡುವೆ. ಹುಲ್ಲು ಹೇರಿದ ಎತ್ತಿನಗಾಡಿ ಓರೆದಾರಿಯಲ್ಲಿ ಯಾಕೆ ವಾಲುತ್ತದೆ ಎಂದು ಬಲ್ಲ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಬರೀ ಸ್ಟೀರಿಂಗ್ ತಿರುಗಿಸಿದ ಮಾತ್ರಕ್ಕೆ ಗಾಡಿ ಮಗುಚುವುದು ಅಪರೂಪ. ಟೈರು ಸಾಮಾನ್ಯವಾಗಿ ಅದಕ್ಕೆ ಮೊದಲೇ ಜಾರುತ್ತದೆ. ಒಂದೇ ಗಾಡಿಯ ಪಲ್ಟಿಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಆಗುವುದು ಚಕ್ರ ಯಾವುದಕ್ಕಾದರೂ ಎಡವಿದಾಗ. ಗಂಟೆಗೆ 100 ಕಿಲೋಮೀಟರ್ ವೇಗ. ಚಾಲಕನ ಕಣ್ಣು ಅರೆಗಳಿಗೆ ಮುಚ್ಚಿತೋ, ಹಿಂದೆ ಮಗು ಅತ್ತಿತೋ, ಬಲಗಡೆಯ ಚಕ್ರಗಳು ಡಾಂಬರು ಬಿಟ್ಟು ಜಲ್ಲಿಯ ಅಂಚಿಗೆ ಇಳಿಯುತ್ತವೆ. ಗಾಬರಿಯಿಂದ ಸ್ಟೀರಿಂಗನ್ನು ಎಡಕ್ಕೆ ಎಳೆಯುತ್ತಾರೆ. ಗಾಡಿ ರಸ್ತೆಗೆ ಹಾರಿ ಬಂದು ಅಡ್ಡಡ್ಡ ಜಾರತೊಡಗುತ್ತದೆ. ಮತ್ತೆ ಬಲಕ್ಕೆ ಎಳೆಯುತ್ತಾರೆ. ಅಡ್ಡಕ್ಕೆ ಜಾರುತ್ತಿರುವ ಗಾಡಿ ರಸ್ತೆಯಾಚೆಯ ಮೆತ್ತನೆ ಮಣ್ಣಿಗೆ ಬೀಳುತ್ತದೆ, ಚಕ್ರದ ರಿಮ್ ಮಣ್ಣಿಗೆ ನಾಟುತ್ತದೆ, ಕೆಳಗಿನ ಭಾಗ ನಿಲ್ಲುತ್ತದೆ, ಮೇಲಿನ ಭಾಗ ನಿಲ್ಲುವುದಿಲ್ಲ. ಇಷ್ಟೆಲ್ಲ ಎರಡು ಮೂರು ಸೆಕೆಂಡಿನ ಕೆಲಸ. ತಗ್ಗಿನ ಕಾರು ಇಂಥಲ್ಲಿ ಬಹಳ ಸಲ ಜಾರಿ ನಿಲ್ಲುತ್ತದೆ. ಎತ್ತರದ್ದು ಉರುಳುತ್ತದೆ.

ಈ ಗಾಡಿಗಳ ಮೂಲ ಎರಡನೇ ಮಹಾಯುದ್ಧದ ಜೀಪು. ಹಳ್ಳ ದಿಣ್ಣೆ ದಾಟಲೆಂದೇ ನೆಲದಿಂದ ಎತ್ತರಕ್ಕೆ ಕಟ್ಟಿದ್ದು, ಇಕ್ಕಟ್ಟಿನಲ್ಲಿ ನುಗ್ಗಲೆಂದೇ ಕಿರಿದು ಮಾಡಿದ್ದು. ಯುದ್ಧಭೂಮಿಯಲ್ಲಿ ಅದು ಗುಣ. ಅದೇ ಮೈಕಟ್ಟನ್ನು ಹೆದ್ದಾರಿಯ ವೇಗಕ್ಕೆ ತಂದು, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿದಾಗ ಗುಣವೇ ದೋಷವಾಯಿತು. 1980ರ ಡಿಸೆಂಬರಿನಲ್ಲಿ ಸಿಬಿಎಸ್ ಟೆಲಿವಿಷನ್ನಿನ '60 ಮಿನಿಟ್ಸ್' ಕಾರ್ಯಕ್ರಮ ಜೀಪ್ ಸಿಜೆ-5 ಮಗುಚುವುದನ್ನು ದೇಶಕ್ಕೆಲ್ಲ ತೋರಿಸಿತು. ಆ ಪರೀಕ್ಷೆಗಳನ್ನು ಮಾಡಿಸಿದ್ದು ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ. ಪರೀಕ್ಷೆಯ ರೀತಿ ಸರಿಯಿಲ್ಲ ಎಂದು ತಯಾರಕರು ವಾದಿಸಿದರು. ಸರ್ಕಾರ ಏನು ಮಾಡಿತು ಗೊತ್ತೇ? 1984ರ ಸೆಪ್ಟೆಂಬರಿನಿಂದ ಇಂಥ ಗಾಡಿಗಳಲ್ಲಿ ಒಂದು ಚೀಟಿ ಅಂಟಿಸಬೇಕೆಂದು ನಿಯಮ ಮಾಡಿತು: ಥಟ್ಟನೆ ತಿರುಗಿಸಬೇಡಿ, ಈ ಗಾಡಿ ಉಳಿದ ಕಾರುಗಳಂತಲ್ಲ ಎಂಬ ಅರ್ಥದ ಎಚ್ಚರಿಕೆ. ಗಾಡಿ ಇದ್ದಂತೆಯೇ ಇತ್ತು. ಅದು ಮಗುಚದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಸ್ಟೀರಿಂಗ್ ಹಿಡಿದವರ ಮೇಲೆ ಬಿತ್ತು. 1986ರಲ್ಲಿ ಟಿಮೊತಿ ವರ್ತ್ ಎಂಬ ಸಂಸದರು ಸ್ಥಿರತಾ ಅಂಕ 1.2ಕ್ಕಿಂತ ಕಡಿಮೆಯಿರುವ ಗಾಡಿ ಮಾರುವಂತಿಲ್ಲ ಎಂದು ನಿಯಮ ತರಲು ಅರ್ಜಿ ಹಾಕಿದರು. 1987ರಲ್ಲಿ ಇಲಾಖೆ ಅದನ್ನು ತಳ್ಳಿಹಾಕಿತು. ಆ ನಿಯಮ ಬಂದಿದ್ದರೆ ಮಾರುಕಟ್ಟೆಯಲ್ಲಿದ್ದ ಎಷ್ಟೋ ಎಸ್‌ಯುವಿಗಳ ಮಾರಾಟ ನಿಲ್ಲಬೇಕಿತ್ತು. ಆ ಒಂದು ನಿರಾಕರಣೆಗೆ ಮುಂದೆ ಸಾವಿರಾರು ಮನೆಗಳು ಬೆಲೆ ತೆತ್ತವು ಎಂದೇ ನನ್ನ ಎಣಿಕೆ.

1988ರಲ್ಲಿ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ಸುಜುಕಿ ಸಮುರಾಯ್ ಗಾಡಿಗೆ 'ಸ್ವೀಕಾರಾರ್ಹವಲ್ಲ' ಎಂಬ ಮುದ್ರೆ ಒತ್ತಿತು. ಅಡ್ಡ ಬಂದದ್ದನ್ನು ತಪ್ಪಿಸಿಕೊಳ್ಳುವಂತೆ ಶಂಕುಗಳ ನಡುವೆ ಓಡಿಸಿ ನೋಡಿದ ಪರೀಕ್ಷೆ ಅದು. ನಮ್ಮ ಗಾಡಿ ವಾಲುವಂತೆಯೇ ಪರೀಕ್ಷೆಯ ದಾರಿಯನ್ನು ಬದಲಿಸಿದರು ಎಂದು ಸುಜುಕಿ 1996ರಲ್ಲಿ ಮೊಕದ್ದಮೆ ಹೂಡಿತು; 2004ರಲ್ಲಿ ಹಣದ ಮಾತಿಲ್ಲದೆ ರಾಜಿಯಾಯಿತು. ಈ ಸಮುರಾಯ್ ನಮಗೆ ಅಪರಿಚಿತವಲ್ಲ. ನಾಗರಹೊಳೆ, ಬಂಡೀಪುರದ ಕಾಡುದಾರಿಗಳಲ್ಲಿ ನಾವು ಕಂಡ ಮಾರುತಿ ಜಿಪ್ಸಿ ಅದರ ಒಡಹುಟ್ಟು, ಉದ್ದ ಸ್ವಲ್ಪ ಹೆಚ್ಚು. 1985ರಲ್ಲಿ ಇಲ್ಲಿಗೆ ಬಂದ ಜಿಪ್ಸಿಯ ಚಕ್ರಗಳ ನಡುವಿನ ಅಗಲವನ್ನು 1993ರಲ್ಲಿ ಸುಮಾರು 90 ಮಿಲಿಮೀಟರ್ ಹೆಚ್ಚಿಸಿದರು. ನಾಲ್ಕು ಬೆರಳಿಗಿಂತ ಸ್ವಲ್ಪ ಹೆಚ್ಚು. ಅಂಕದ ಲೆಕ್ಕದಲ್ಲಿ ಅದು ಸಣ್ಣ ಮಾತಲ್ಲ.

ಈ ಇತಿಹಾಸದ ನಡುಮಧ್ಯೆ ಇರುವುದು ಫೋರ್ಡ್ ಎಕ್ಸ್‌ಪ್ಲೋರರ್. ಅದಕ್ಕೆ ಮೊದಲು ಫೋರ್ಡ್ ಕಂಪನಿ ಬ್ರಾಂಕೊ 2 ಎಂಬ ಕಡಿಮೆ ಉದ್ದದ, ಎತ್ತರದ ಗಾಡಿ ಮಾರುತ್ತಿತ್ತು. ಪಲ್ಟಿಗೆ ಅದಕ್ಕೂ ಕೆಟ್ಟ ಹೆಸರಿತ್ತು. 1990ರಲ್ಲಿ ಅದರ ಜಾಗಕ್ಕೆ ನಾಲ್ಕು ಬಾಗಿಲಿನ ಎಕ್ಸ್‌ಪ್ಲೋರರ್ ಬಂತು. ಹೊಸ ಕಾಲದ ಕುಟುಂಬದ ಗಾಡಿ ಎಂದರೆ ಇದೇ ಎಂಬಂತೆ ಓಡಿತು, ತೊಂಬತ್ತರ ದಶಕದ ಕೊನೆಗೆ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮುಂದೆ ಮೊಕದ್ದಮೆಗಳಲ್ಲಿ ಹೊರಬಿದ್ದ ಕಂಪನಿಯ ಕಡತಗಳಲ್ಲಿ ಒಂದು ವಿಷಯವಿದೆ. ಮಾರುಕಟ್ಟೆಗೆ ಬಿಡುವ ಮೊದಲೇ ಪರೀಕ್ಷೆಯಲ್ಲಿ ಗಾಡಿಯ ಸ್ಥಿರತೆ ಸಾಲದು ಎಂದು ಕಂಡಿತ್ತು. ಅಗಲ ಹೆಚ್ಚಿಸುವುದು, ಎಂಜಿನ್ ತಗ್ಗಿಸುವುದು, ಸ್ಪ್ರಿಂಗ್ ಬಿಗಿ ಮಾಡುವುದು, ಟೈರಿನ ಗಾಳಿ ಇಳಿಸುವುದು ಎಂಬ ದಾರಿಗಳು ಮುಂದಿದ್ದವು. ಅಗಲ ಹೆಚ್ಚಿಸಿದರೆ ಖರ್ಚು, ತಡ. ಕಂಪನಿ ಆರಿಸಿಕೊಂಡದ್ದು ಸ್ಪ್ರಿಂಗಿನ ಬದಲಾವಣೆ ಮತ್ತು 26 ಪಿಎಸ್‌ಐ ಗಾಳಿ.

ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿ. ಹಿಂದೆ ಸಾಮಾನು, ಮೇಲೆ ಕ್ಯಾರಿಯರು, ಟೆಕ್ಸಾಸಿನ ಬೇಸಿಗೆ, ಗಂಟೆಗಟ್ಟಲೆ ಒಂದೇ ವೇಗ. ಎಕ್ಸ್‌ಪ್ಲೋರರ್‌ಗೆ ಹಾಕಿದ್ದ ಫೈರ್‌ಸ್ಟೋನ್ ಕಂಪನಿಯ ಟೈರುಗಳಲ್ಲಿ ಒಳಗಿನ ಉಕ್ಕಿನ ಪಟ್ಟಿಯಿಂದ ಮೇಲಿನ ರಬ್ಬರಿನ ಪದರ ಸುಲಿದು ಬರತೊಡಗಿತು. ಹಿಂದಿನ ಟೈರು ಹೀಗೆ ಸುಲಿದರೆ ಗಾಡಿಯ ಬಾಲ ಹತೋಟಿ ತಪ್ಪುತ್ತದೆ. ಎತ್ತರದ ಗಾಡಿಯಲ್ಲಿ ಆಮೇಲೆ ಏನಾಗುತ್ತದೆ ಎಂದು ಆಗಲೇ ಹೇಳಿದೆ. ಸೌದಿ ಅರೇಬಿಯದ ಗಿರಾಕಿಗಳ ಟೈರುಗಳನ್ನು ಫೋರ್ಡ್ ಮೊದಲೇ ಬದಲಿಸಿಕೊಟ್ಟಿತ್ತು. ಅಮೆರಿಕದವರಿಗೆ ವಿಷಯ ತಿಳಿದದ್ದು 2000ದ ಫೆಬ್ರವರಿಯಲ್ಲಿ, ಹ್ಯೂಸ್ಟನ್ನಿನ ಒಂದು ಸ್ಥಳೀಯ ಟಿವಿ ವಾಹಿನಿಯ ವರದಿಯಿಂದ. ಅದೇ ಆಗಸ್ಟಿನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 271 ಮಂದಿ. ತಪ್ಪು ಟೈರಿನದು ಎಂದು ಫೋರ್ಡ್, ಗಾಡಿಯದು ಎಂದು ಫೈರ್‌ಸ್ಟೋನ್. ಫೋರ್ಡ್ ಕಂಪನಿಯ ಆಗಿನ ಅಧ್ಯಕ್ಷರ ತಾಯಿ ಫೈರ್‌ಸ್ಟೋನ್ ಮನೆತನದ ಮಗಳು. 1906ರಿಂದ ನಡೆದು ಬಂದ ವ್ಯಾಪಾರ ಸಂಬಂಧ 2001ರ ಮೇ ತಿಂಗಳಲ್ಲಿ ಹರಿದುಹೋಯಿತು. ನನಗೆ ಎರಡೂ ಕಡೆಯ ಮಾತು ನಿಜವೆನಿಸುತ್ತದೆ: ಟೈರು ಕೆಟ್ಟದ್ದಾಗಿತ್ತು, ಗಾಡಿಗೆ ಅದನ್ನು ತಾಳಿಕೊಳ್ಳುವ ಅಗಲವಿರಲಿಲ್ಲ.

ಆಮೇಲೆ ಕೆಲಸಗಳು ಬೇಗ ಬೇಗ ನಡೆದವು. 2001ರ ಮಾದರಿಗಳಿಂದ ಸ್ಥಿರತಾ ಅಂಕಕ್ಕೆ ತಕ್ಕಂತೆ ಒಂದರಿಂದ ಐದು ನಕ್ಷತ್ರ ಕೊಡತೊಡಗಿದರು, 1.03 ಅಥವಾ ಅದಕ್ಕೂ ಕಡಿಮೆಯಿದ್ದರೆ ಒಂದೇ ನಕ್ಷತ್ರ. ನಕ್ಷತ್ರ ಕಣ್ಣಿಗೆ ಕಾಣುವಂತಾದ ಮೇಲೆ ಕಂಪನಿಗಳಿಗೆ ಅಗಲ ಹೆಚ್ಚಿಸುವುದು ಸಾಧ್ಯವಾಯಿತು. 2002ರ ಎಕ್ಸ್‌ಪ್ಲೋರರ್ ಮೊದಲಿನದಕ್ಕಿಂತ ಅಗಲವಾಗಿತ್ತು, ಹಿಂದಿನ ಸಸ್ಪೆನ್ಷನ್ನೂ ಹೊಸದು.

ನಿಜವಾದ ತಿರುವು ಬಂದದ್ದು ಯುರೋಪಿನಿಂದ. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು, ದಾರಿಗೆ ಅಡ್ಡ ಬಂದ ಕಡವೆಯಂಥ ಪ್ರಾಣಿಯನ್ನು ತಪ್ಪಿಸುವ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಹೊಚ್ಚಹೊಸ ಎ-ಕ್ಲಾಸ್ ಕಾರನ್ನು ಉರುಳಿಸಿಬಿಟ್ಟರು. ಮರ್ಸಿಡಿಸ್ ಆ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇಎಸ್‌ಸಿ ಹಾಕಿಕೊಟ್ಟಿತು. ಬಾಷ್ ಕಂಪನಿಯ ಜೊತೆ ಸೇರಿ 1995ರಲ್ಲೇ ದುಬಾರಿ ಕಾರಿಗೆ ತಂದಿದ್ದ ವ್ಯವಸ್ಥೆ ಅದು. ಸ್ಟೀರಿಂಗ್ ತಿರುಗಿದ ದಿಕ್ಕಿಗೆ ಗಾಡಿ ಹೋಗುತ್ತಿಲ್ಲ ಎಂದು ಕಂಡಕೂಡಲೇ ಅದು ಒಂದೇ ಒಂದು ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಮೂತಿಯನ್ನು ಸರಿದಾರಿಗೆ ಎಳೆಯುತ್ತದೆ. ಗಾಡಿ ಅಡ್ಡಡ್ಡ ಜಾರದಿದ್ದರೆ ಎಡವುವ ಪ್ರಮೇಯವೇ ಕಡಿಮೆ. ಒಂಟಿ ಗಾಡಿಯ ಮಾರಣಾಂತಿಕ ಪಲ್ಟಿಗಳು ಇಎಸ್‌ಸಿ ಇರುವ ಎಸ್‌ಯುವಿಗಳಲ್ಲಿ ನೂರಕ್ಕೆ ಎಂಬತ್ತರಷ್ಟು ತಗ್ಗುತ್ತವೆ ಎಂದು 2006ರಲ್ಲಿ ಅದೇ ವಿಮಾ ಸಂಸ್ಥೆ ಲೆಕ್ಕ ಹಾಕಿತು. ಅಮೆರಿಕ 2012ರ ಮಾದರಿಗಳಿಂದ ಎಲ್ಲಕ್ಕೂ ಕಡ್ಡಾಯ ಮಾಡಿತು. ಛಾವಣಿಯ ವಿಷಯದಲ್ಲೂ ಅಷ್ಟೇ: ಗಾಡಿಯ ತೂಕದ ಒಂದೂವರೆ ಪಟ್ಟು ತಡೆದರೆ ಸಾಕು ಎಂದಿದ್ದ ಎಪ್ಪತ್ತರ ದಶಕದ ನಿಯಮ 2009ರಲ್ಲಿ ಮೂರು ಪಟ್ಟಿಗೆ ಏರಿತು. ಇಎಸ್‌ಸಿ ಹರಡಿದಂತೆ ಎಸ್‌ಯುವಿ ಓಡಿಸುವವರ ಸಾವಿನ ಪ್ರಮಾಣ ಕಾರಿನವರಿಗಿಂತ ಕೆಳಗಿಳಿಯಿತು.

ಆದರೆ ಹಳೆಯ ಗಾಡಿಗಳು ಎಲ್ಲಿ ಹೋದವು? ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದವು. ಅಗ್ಗಕ್ಕೆ ಸಿಗುತ್ತವೆ, ಏಳು ಜನ ಹಿಡಿಸುತ್ತಾರೆ. ಅಮೆರಿಕದಲ್ಲಿ ಇರುವ ನಮ್ಮ ಹುಡುಗರೂ ಕೊಳ್ಳುತ್ತಾರೆ, ಇಲ್ಲಿ ನಾವೂ ಹಳೆಯ ಎತ್ತರದ ಗಾಡಿ ಕೊಂಡು, ಮೇಲೆ ಮೂಟೆ ಬಿಗಿದು ಧರ್ಮಸ್ಥಳಕ್ಕೆ ಘಾಟಿ ಇಳಿಯುತ್ತೇವೆ. ಕೊಳ್ಳುವ ಮುಂಚೆ ಇಎಸ್‌ಸಿ ಇದೆಯೇ ಎಂದು ಕೇಳಿ. ಇದ್ದರೆ, ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಹೊತ್ತಿ ಆರಬೇಕು. ಭಾರದ ಸಾಮಾನು ಛಾವಣಿಗೆ ಬೇಡ, ನೆಲಕ್ಕಿರಲಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ, ಏಕೆಂದರೆ ಪಲ್ಟಿಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ಬೆಲ್ಟ್ ಹಾಕದೆ ಹೊರಗೆ ಎಸೆಯಲ್ಪಟ್ಟವರು. ಟೈರಿನ ಮೇಲ್ಮೈ ಚೆನ್ನಾಗಿ ಕಂಡರೂ ನಂಬಬೇಡಿ. ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 2315 ಎಂದಿದ್ದರೆ ಆ ಟೈರು 2015ರ ಇಪ್ಪತ್ತಮೂರನೇ ವಾರದ್ದು. ಅಷ್ಟು ಹಳೆಯ ಟೈರಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಡಿ, ಮೊದಲು ಬದಲಿಸಿ.