ಶಾಲೆಯ ಕಾಂಪೌಂಡಿನೊಳಗಿನ ಕಾನೂನು



ಕಾನೂನು ಪಾಲಿಸಿ ಎಂದು ಊರಿಗೆಲ್ಲ ಹೇಳುವ ಸರ್ಕಾರ, ತನ್ನ ಕೈಕೆಳಗೆ ದುಡಿಯುವವರ ವಿಷಯದಲ್ಲಿ ಅದನ್ನು ಎಷ್ಟರಮಟ್ಟಿಗೆ ಪಾಲಿಸುತ್ತಿದೆ? ಇವತ್ತಿನ ವಿಷಯ ಇದು. ದೂರ ಹೋಗುವುದು ಬೇಡ, ನಮ್ಮೂರ ಶಾಲೆಯ ಕಾಂಪೌಂಡಿನೊಳಗೇ ನಿಂತು ನೋಡೋಣ.

ತುಮಕೂರು ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆಗಳು ಎರಡು, ತುಮಕೂರು ಮತ್ತು ಮಧುಗಿರಿ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳು ತುಮಕೂರಿಗೆ ಸೇರಿವೆ. ಇಲ್ಲಿನ ಹಳ್ಳಿಯ ಶಾಲೆಯೊಂದನ್ನು ನೆನೆಸಿಕೊಳ್ಳಿ. ಖಾಲಿ ಹುದ್ದೆಯಲ್ಲಿ ಪಾಠ ಮಾಡುವ ಅತಿಥಿ ಶಿಕ್ಷಕಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಸೇರಿದವರು. ಬಿಸಿಯೂಟದ ಅಡುಗೆಯಮ್ಮನ ಲೆಕ್ಕ ತಾಲ್ಲೂಕು ಪಂಚಾಯಿತಿಯ ಅಕ್ಷರ ದಾಸೋಹ ವಿಭಾಗದ್ದು. ಪಕ್ಕದ ಕೋಣೆಯ ಅಂಗನವಾಡಿ ಕಾರ್ಯಕರ್ತೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯವರು. ಮೂವರಿಗೂ ಸಿಗುವುದು ಗೌರವಧನ. ಕಷ್ಟ ಬಂದಾಗ ಮೂವರ ಪ್ರಶ್ನೆಯೂ ಒಂದೇ: ನಮಗೆ ಕೆಲಸ ಕೊಟ್ಟವರು ಯಾರು, ನಾವು ಯಾರನ್ನು ಕೇಳಬೇಕು?

ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ರಾಜ್ಯದಿಂದಲೇ. 2006ರ ಏಪ್ರಿಲ್ 10ರಂದು ಬಂದ ಉಮಾದೇವಿ ತೀರ್ಪು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳಿಗೆ ಸಂಬಂಧಿಸಿದ್ದು. ನಿಯಮದಂತೆ ನೇಮಕವಾಗದವರು ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಹತ್ತು ವರ್ಷ ದುಡಿದವರಿಗೆ ಕೆಲವು ಷರತ್ತುಗಳ ಮೇಲೆ ಒಂದು ಸಲದ ಅವಕಾಶವನ್ನೂ ಅದೇ ತೀರ್ಪು ಕೊಟ್ಟಿತ್ತು. ಇಲಾಖೆಗಳು ಮೊದಲ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡವು, ಎರಡನೆಯದನ್ನು ಮರೆತವು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಮತ್ತೆ ಕರ್ನಾಟಕದ್ದೇ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿ ಇರುವವರಲ್ಲ ಎಂಬ ತೀರ್ಪೂ ಬಂತು.

ಹದಿನಾರು ವರ್ಷಗಳ ಮೇಲೆ ಗಾಳಿ ತಿರುಗಿತು. ಗುಜರಾತಿನ ಅಂಗನವಾಡಿ ಮಹಿಳೆಯರ ಪ್ರಕರಣದಲ್ಲಿ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಜಯ್ ರಸ್ತೋಗಿ ಮತ್ತು ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ. ಅವರು ಕೊಟ್ಟ ಕಾರಣವನ್ನು ದಯವಿಟ್ಟು ಗಮನಿಸಿ. 2013ರ ಆಹಾರ ಭದ್ರತಾ ಕಾಯ್ದೆ ಮತ್ತು 2009ರ ಶಿಕ್ಷಣ ಹಕ್ಕು ಕಾಯ್ದೆ ಸರ್ಕಾರದ ಮೇಲೆ ಹೊರಿಸಿರುವ ಹೊಣೆಯನ್ನು ಈ ಹೆಣ್ಣುಮಕ್ಕಳು ನಿಭಾಯಿಸುತ್ತಿದ್ದಾರೆ. ಕಾನೂನೇ ಹೇಳಿದ ಕೆಲಸ ಮಾಡುವವರನ್ನು ಕಾನೂನಿನ ಹೊರಗೆ ನಿಲ್ಲಿಸಲಾಗದು. ಕೊಡುವ ಹಣಕ್ಕೆ ಗೌರವಧನ ಎಂದು ಹೆಸರಿಟ್ಟರೂ ಗ್ರಾಚ್ಯುಟಿ ಲೆಕ್ಕಕ್ಕೆ ಅದು ವೇತನವೇ.

ಇದು ಕೈಗೆ ಬರುವ ದುಡ್ಡಿನಲ್ಲಿ ಎಷ್ಟು? ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ತಿಂಗಳಿಗೆ 10,000 ರೂಪಾಯಿ ಪಡೆಯುತ್ತ 20 ವರ್ಷ ದುಡಿದವರಿಗೆ ಸುಮಾರು 1,15,385 ರೂಪಾಯಿ. ಸೇವೆಯ ಐದು ವರ್ಷ ದಾಖಲೆಯಲ್ಲಿ ಬಿಟ್ಟುಹೋದರೆ ಸುಮಾರು 29,000 ರೂಪಾಯಿ ಹೋದಂತೆ.

ಇನ್ನು ಅಡುಗೆಮನೆಗೆ ಬನ್ನಿ. ಬೆಳಿಗ್ಗೆ ಹಾಲಿನ ಪುಡಿ ಕಲಸಿ ಕುದಿಸಬೇಕು. ಅಕ್ಕಿ ಆರಿಸಿ ತೊಳೆಯಬೇಕು, ಬೇಳೆ ಬೇಯಿಸಬೇಕು, ಮೊಟ್ಟೆ ಬೇಯಿಸಿ ಸುಲಿಯಬೇಕು. ಬಡಿಸುವ ಮುಂಚೆ ಮೇಷ್ಟ್ರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಅಕ್ಕಿಯ ತೂಕ, ಮೊಟ್ಟೆಯ ಲೆಕ್ಕ, ಉಂಡ ಮಕ್ಕಳ ಸಂಖ್ಯೆ, ಎಲ್ಲಕ್ಕೂ ದಾಖಲೆ ಇದೆ. ಅಡುಗೆಯಮ್ಮ ಕೆಲಸಕ್ಕೆ ಸೇರಿದ ದಿನ ಯಾವ ಪುಸ್ತಕದಲ್ಲಿದೆ? ಮಧ್ಯಾಹ್ನದ ಊಟ ಮಕ್ಕಳ ಹಕ್ಕು ಎಂದು ಹೇಳುವುದೂ ಅದೇ ಆಹಾರ ಭದ್ರತಾ ಕಾಯ್ದೆಯೇ. ಅಂದಮೇಲೆ ಅಂಗನವಾಡಿಗೆ ಒಪ್ಪಿದ ನ್ಯಾಯ ಅಡುಗೆಮನೆಗೂ ಒಪ್ಪಬೇಕು ಎಂಬುದು ನನ್ನ ವಾದ. ಹೈಕೋರ್ಟೊಂದು ಇನ್ನೂ ಒಂದು ಹೆಜ್ಜೆ ಮುಂದಿಟ್ಟದ್ದೂ ಉಂಟು. ತಿಂಗಳಿಗೆ ಬರೀ 1,000 ರೂಪಾಯಿ ಕೊಟ್ಟು ಬಿಸಿಯೂಟದ ಅಡುಗೆ ಮಾಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಿಟ್ಟಿ ಚಾಕರಿ ಎಂದು ಅಲಹಾಬಾದ್ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲೇ ಹೇಳಿತು.

ಅತಿಥಿ ಶಿಕ್ಷಕರ ವಿಷಯಕ್ಕೆ ಬಂದರೆ, 2024ರ ಡಿಸೆಂಬರ್ 20ರ ತೀರ್ಪೊಂದನ್ನು ನೆನೆಯಬೇಕು. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತ, ತೋಟ ನೋಡಿಕೊಳ್ಳುತ್ತ ವರ್ಷಾನುಗಟ್ಟಲೆ ದುಡಿದವರನ್ನು ಕಾಯಂ ಮಾಡಿ ಎಂದ ಸುಪ್ರೀಂ ಕೋರ್ಟ್, ಉಮಾದೇವಿ ತೀರ್ಪನ್ನು ಇಂಥವರ ವಿರುದ್ಧ ಆಯುಧ ಮಾಡಿಕೊಳ್ಳಬಾರದು ಎಂದಿತು. ಇದರಿಂದ ಅತಿಥಿ ಶಿಕ್ಷಕರೆಲ್ಲ ನಾಳೆಯೇ ಕಾಯಂ ಆಗಿಬಿಡುವುದಿಲ್ಲ. ಆದರೆ ವರ್ಷವಿಡೀ ನಡೆಯಲೇಬೇಕಾದ ಕೆಲಸವನ್ನು ವರ್ಷವರ್ಷವೂ ತಾತ್ಕಾಲಿಕ ಎಂದು ಕರೆಯುವುದು ಸರಿಯೇ ಎಂದು ಕೇಳಲು ಈಗ ಬಲ ಬಂದಿದೆ.

ತೀರ್ಪುಗಳು ಬಂದಿವೆ. ಕೊರತೆ ಇರುವುದು ದಾಖಲೆಯಲ್ಲಿ. ದಾಖಲೆಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ತಿಪಟೂರು ಎಪಿಎಂಸಿಯಲ್ಲಿ ತೂಕದ ಚೀಟಿ ಇಲ್ಲದೆ ಒಂದು ಚೀಲ ಉಂಡೆ ಕೊಬ್ಬರಿಯನ್ನೂ ನಾವು ಬಿಟ್ಟುಕೊಡುವುದಿಲ್ಲ. ಹೆಂಗಸೊಬ್ಬಳ ಇಪ್ಪತ್ತು ವರ್ಷದ ದುಡಿಮೆಗೆ ಚೀಟಿ ಬೇಡವೇ?

ಆ ಚೀಟಿ ಬರೆದಿಡುವುದು ನಮ್ಮ ಕೈಯಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪೋಷಕರು, ಅರ್ಧ ಪಾಲು ಮಹಿಳೆಯರು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವ ಅಧಿಕಾರ ಆ ಸಮಿತಿಗಿದೆ. ಹೆಡ್‌ಮಾಸ್ಟರ ತಲೆಯ ಮೇಲೆ ಈಗಾಗಲೇ ಬೇಕಾದಷ್ಟು ಹೊರೆ ಇದೆ, ಅವರೊಬ್ಬರನ್ನೇ ದೂರಬೇಡಿ, ಜೊತೆಗೆ ಕೂತು ಬರೆಯಿರಿ. ಪ್ರತಿಯೊಬ್ಬ ಕೆಲಸಗಾರ್ತಿಗೂ ಒಂದು ಕಡತ ಮಾಡಿ: ಸೇರಿದ ದಿನ, ನೇಮಕದ ಪತ್ರ, ತಿಂಗಳ ಹಾಜರಿ, ಬ್ಯಾಂಕಿಗೆ ಬಂದ ಹಣ. ಅದರ ನಕಲನ್ನು ಅವರ ಕೈಗೇ ಕೊಡಿ. ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲೂ ಹೀಗೆಯೇ ಆಗಲಿ. ಹಳೆಯ ಕಾಗದ ಕಚೇರಿಯಲ್ಲಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಮೂವತ್ತು ದಿನದೊಳಗೆ ಅವರು ಉತ್ತರ ಕೊಡಲೇಬೇಕು.

ನಮ್ಮ ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಡುತ್ತಿರುವವರು ಇವರು. ಮುಂದಿನ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಅವರ ಸೇವಾ ಕಡತವೇ ಮೊದಲ ವಿಷಯವಾಗಲಿ ಎಂದು ಈ ಸಭೆಯನ್ನು ಕೇಳಿಕೊಳ್ಳುತ್ತೇನೆ.