ಬೇಸಿಗೆ ಶಿಬಿರ: ಮಗುವಿಗೆ ಬೇಕಾದುದು ಭಾಷೆಯೋ, ಪ್ರಮಾಣಪತ್ರವೋ?

(ಹೊಸಪೇಟೆಯಲ್ಲಿ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಏಪ್ರಿಲ್ ಬಂತೆಂದರೆ ನಮ್ಮ ಪಟ್ಟಣಗಳ ಗೋಡೆಗಳೂ ವಿದ್ಯುತ್ ಕಂಬಗಳೂ ಬೇಸಿಗೆ ಶಿಬಿರಗಳ ಜಾಹೀರಾತುಗಳಿಂದ ತುಂಬಿಹೋಗುತ್ತವೆ. ಈಜು, ಚಿತ್ರಕಲೆ, ಅಬಾಕಸ್, ಸ್ಪೋಕನ್ ಇಂಗ್ಲಿಷ್‌ಗಳ ಸಾಲಿನಲ್ಲಿ ಕೆಲವೊಮ್ಮೆ ಫ್ರೆಂಚ್ ಭಾಷೆಯ ಹೆಸರೂ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಮರಳುವ ಇಂತಹ ಭಾಷಾ ಶಿಬಿರವನ್ನು ಹೆತ್ತವರು ಹೇಗೆ ಆರಿಸಬೇಕು? ಇಂದಿನ ನಮ್ಮ ಮಾತಿನ ವಿಷಯ ಇದು.

ಫ್ರೆಂಚ್ ನಮ್ಮ ಮಕ್ಕಳಿಗೇಕೆ ಎಂದು ಕೆಲವರು ಕೇಳಬಹುದು. ಹಂಪಿಯು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಬರುವ ವಿದೇಶಿಯರಲ್ಲಿ ಫ್ರಾನ್ಸಿನವರೂ ಇದ್ದಾರೆ. ನಮ್ಮ ಅನೇಕ ಯುವಕರು ಆಟೋ, ಟ್ಯಾಕ್ಸಿ, ಹೋಟೆಲು ಕೆಲಸಗಳ ಮೂಲಕ ಅವರ ಸೇವೆಯಲ್ಲಿದ್ದಾರೆ. ದುಡಿಮೆ ಯಾವುದೂ ಕೀಳಲ್ಲ. ಆದರೆ ಪ್ರವಾಸಿಯ ಚೀಲ ಹೊರುವವನ ಸಂಪಾದನೆಗೂ ಅವನಿಗೆ ಇತಿಹಾಸ ವಿವರಿಸುವವನ ಸಂಪಾದನೆಗೂ ಅಜಗಜಾಂತರವಿದೆ. ಆ ಅಂತರದಲ್ಲಿ ಭಾಷೆಯ ಪಾಲು ದೊಡ್ಡದು. ಫ್ರೆಂಚ್ ಕೇವಲ ಫ್ರಾನ್ಸಿನ ಭಾಷೆಯೂ ಅಲ್ಲ. ಕೆನಡಾದಿಂದ ಅಲ್ಜೀರಿಯಾ, ಮೊರಾಕ್ಕೊ, ಟ್ಯುನೀಷಿಯಾ, ಸೆನೆಗಲ್‌ಗಳವರೆಗೆ ಅದು ಬಳಕೆಯಲ್ಲಿದೆ.

ಹಲವು ಭಾಷೆಗಳು ಈ ನೆಲಕ್ಕೆ ಹೊಸತಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ರಝಾಕ್ ತಾನು ಕಂಡದ್ದನ್ನು ಫಾರ್ಸಿಯಲ್ಲಿ ಬರೆದನು. ಡೊಮಿಂಗೊ ಪಾಯೆಸ್ ಪೋರ್ಚುಗೀಸ್‌ನಲ್ಲಿ ಬರೆದನು. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನನು 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿಯ ಶಾಸನವಾದರೋ ಕನ್ನಡದಲ್ಲಿದೆ. ಆ ಕಟ್ಟಡವನ್ನು ಧರ್ಮಶಾಲೆ ಎಂದೇ ಅದು ಕರೆಯುತ್ತದೆ. ನೆಲದ ಭಾಷೆಯಲ್ಲಿ ತನ್ನ ಮಾತನ್ನು ಕೆತ್ತಿಸಿದ ಆ ಅಧಿಕಾರಿಯನ್ನು ನಾವು ಮರೆಯಬಾರದು.

ಈಗ ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮಕ್ಕಳನ್ನು ಇಂತಹ ಒಂದು ಶಿಬಿರಕ್ಕೆ ಸೇರಿಸಿದೆವು. ಮೂವತ್ತು ದಿನಗಳಲ್ಲಿ ನಿರರ್ಗಳ ಮಾತು ಎಂಬ ಭರವಸೆಯಿತ್ತು. ಸಮಾರೋಪದ ದಿನ ಮಕ್ಕಳು ಹಾಡಿದರು, ಇಪ್ಪತ್ತರವರೆಗೆ ಎಣಿಸಿದರು, ಹೊಳೆಯುವ ಪ್ರಮಾಣಪತ್ರ ಪಡೆದರು. ನಾವು ಹಿಗ್ಗಿದೆವು. ಮುಂದಿನ ಚಳಿಗಾಲದಲ್ಲಿ ಹಂಪಿಯ ವಿಠ್ಠಲ ದೇವಾಲಯದ ಬಳಿ ಫ್ರೆಂಚ್ ಮಹಿಳೆಯೊಬ್ಬರು ಸಿಕ್ಕರು. ಹುಡುಗ ಧೈರ್ಯದಿಂದ ‘ಬೊಂಜೂರ್’ ಎಂದು ತನ್ನ ಹೆಸರು ಹೇಳಿದ. ಆಕೆ ಸಂತೋಷದಿಂದ ಏನನ್ನೋ ಕೇಳಿದರು. ಹುಡುಗನ ಮುಖ ಬಾಡಿತು. ನಮ್ಮತ್ತ ತಿರುಗಿ, “ಅಬ್ಬಾ, ಉನೇ ಕ್ಯಾ ಬೋಲೀ?” ಎಂದು ಪಿಸುಗುಟ್ಟಿದ. ಅವನು ಕಲಿತದ್ದು ಉತ್ತರವೊಂದನ್ನು ಮಾತ್ರ, ಭಾಷೆಯನ್ನಲ್ಲ. ತಪ್ಪು ಅವನದಾಗಿರಲಿಲ್ಲ. ಹಣ ಕಟ್ಟುವ ಮುನ್ನ ಒಂದು ಪ್ರಶ್ನೆಯನ್ನೂ ಕೇಳದ ನಮ್ಮದಾಗಿತ್ತು.

ಹಾಗಾದರೆ ಯಾವ ಪ್ರಶ್ನೆಗಳನ್ನು ಕೇಳಬೇಕು?

ಮೊದಲನೆಯದು ಗಂಟೆಗಳ ಲೆಕ್ಕ. ಯುರೋಪಿನ ಭಾಷೆಗಳ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮಟ್ಟಗಳಲ್ಲಿ ಅಳೆಯುತ್ತಾರೆ. ಕೆಳಗಿನ ಮಟ್ಟವಾದ ಎ1 ತಲಪಲು ಸಾಮಾನ್ಯವಾಗಿ 60ರಿಂದ 100 ಗಂಟೆಗಳ ಬೋಧನೆ ಬೇಕಾಗುತ್ತದೆ. ದಿನಕ್ಕೆ 3 ಗಂಟೆಯಂತೆ ವಾರಕ್ಕೆ 5 ದಿನ, 4 ವಾರ ನಡೆದ ಶಿಬಿರವು ಕೊಡುವುದು 60 ಗಂಟೆ ಮಾತ್ರ. ದಿನಕ್ಕೆ ಒಂದು ಗಂಟೆಯಂತೆ 15 ದಿನ ನಡೆಸಿ ನಿರರ್ಗಳ ಮಾತಿನ ಭರವಸೆ ನೀಡುವವರು ನಿಮಗೆ ಸುಳ್ಳು ಹೇಳುತ್ತಿದ್ದಾರೆಂದು ಧಾರಾಳವಾಗಿ ತಿಳಿಯಿರಿ.

ಎರಡನೆಯದು ಮಕ್ಕಳ ಸಂಖ್ಯೆ. 30 ಮಕ್ಕಳಿರುವ ಕೊಠಡಿಯಲ್ಲಿ ಶಿಕ್ಷಕರು ಬಾಯಿ ತೆರೆಯದೇ ಇದ್ದರೂ ಒಂದು ಗಂಟೆಯಲ್ಲಿ ಒಬ್ಬ ಮಗುವಿನ ಪಾಲಿಗೆ ಬರುವುದು ಎರಡು ನಿಮಿಷದ ಮಾತು. ಹತ್ತು ಮಕ್ಕಳಿದ್ದರೆ ಆರು ನಿಮಿಷ. ಮಾತು ಬರುವುದು ಮಾತನಾಡುವುದರಿಂದ.

ಮೂರನೆಯದು ಶಿಕ್ಷಕರು. ಅವರು ಯಾವ ಮಟ್ಟದವರೆಗೆ ಕಲಿತಿದ್ದಾರೆ, ಯಾವ ಪರೀಕ್ಷೆ ಉತ್ತೀರ್ಣರಾಗಿದ್ದಾರೆ ಎಂದು ವಿನಯದಿಂದಲೇ ಕೇಳಿ. ಫ್ರೆಂಚ್‌ಗೆ ಡೆಲ್ಫ್ ಎಂಬ ಮಾನ್ಯತೆಯುಳ್ಳ ಪರೀಕ್ಷೆಯಿದೆ. ಚಿಕ್ಕ ಮಕ್ಕಳಿಗೆಂದೇ ಅದರದೊಂದು ರೂಪವೂ ಇದೆ. ಸಾಧ್ಯವಾದರೆ ಒಂದು ದಿನ ತರಗತಿಯಲ್ಲಿ ಹಿಂದೆ ಕುಳಿತು ನೋಡಿ. ಕುಳಿತುಕೊಳ್ಳಲು ಬಿಡದಿದ್ದರೆ ಕಾರಣ ಕೇಳಿ.

ನಾಲ್ಕನೆಯದು ಬಿಸಿಲು ಮತ್ತು ದಾರಿ. ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಬೆಳಿಗ್ಗೆ 8ಕ್ಕೆ ಆರಂಭಿಸಿ 11ಕ್ಕೆ ಮುಗಿಸುವ ಶಿಬಿರವೇ ಒಳ್ಳೆಯದು. ಸಂಡೂರು ಮತ್ತು ಕಂಪ್ಲಿಯಿಂದ ಹೊಸಪೇಟೆಗೆ ಸುಮಾರು 30 ಕಿಲೋಮೀಟರ್ ದೂರ. ಎಂಟು ವರ್ಷದ ಮಗುವನ್ನು ಪ್ರತಿದಿನ ಅಷ್ಟು ದೂರ ಬಸ್ಸಿನಲ್ಲಿ ಕಳಿಸುವುದು ಭಾಷೆಯ ಮೇಲೆ ದ್ವೇಷ ಹುಟ್ಟಿಸಲು ಸಾಕು. ಕುಡಿಯುವ ನೀರು, ಫ್ಯಾನು, ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇವೆಯೇ ಎಂದು ಕಣ್ಣಾರೆ ನೋಡಿಯೇ ನಿರ್ಧರಿಸಿ.

ಐದನೆಯದು, ಜೂನ್ ತಿಂಗಳಲ್ಲಿ ಏನು? ಶಾಲೆ ತೆರೆದ ಮೇಲೆ ವಾರಕ್ಕೆ ಒಂದೆರಡು ಗಂಟೆಯಾದರೂ ಮುಂದುವರಿಯದ ಭಾಷೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಸಹೋದರರೇ, ಉರ್ದು ಮನೆಮಾತಿನ ಮಕ್ಕಳಿಗೆ ಫ್ರೆಂಚ್ ಕಷ್ಟವೆಂಬ ಭಯ ಬೇಡ. ‘ಹಾಂ’, ‘ಮೈಂ’ ಎನ್ನುವಾಗ ಬರುವ ಮೂಗಿನ ಧ್ವನಿ, ಅಂದರೆ ನೂನ್ ಗುನ್ನಾ, ಫ್ರೆಂಚಿನಲ್ಲಿ ಹೆಜ್ಜೆಹೆಜ್ಜೆಗೂ ಕೇಳಿಸುತ್ತದೆ. ಫ್ರೆಂಚಿನ ರಕಾರವು ಗಂಟಲಿನಿಂದ ಹೊರಡುತ್ತದೆ. ನಮ್ಮ ಮಕ್ಕಳು ಬಲ್ಲ ಗೈನ್ ಅಕ್ಷರಕ್ಕೆ ಅದು ಸಮೀಪ. ನಿರ್ಜೀವ ವಸ್ತುಗಳಿಗೂ ಗಂಡು ಹೆಣ್ಣೆಂಬ ಭೇದ ಕನ್ನಡದಲ್ಲಿಲ್ಲ, ಉರ್ದುವಿನಲ್ಲಿದೆ, ಫ್ರೆಂಚಿನಲ್ಲೂ ಇದೆ. ಕುರ್ಚಿ ಎರಡರಲ್ಲೂ ಸ್ತ್ರೀಲಿಂಗ. ಕಿತಾಬು ಮಾತ್ರ ಉರ್ದುವಿನಲ್ಲಿ ಸ್ತ್ರೀಲಿಂಗ, ಫ್ರೆಂಚಿನಲ್ಲಿ ಪುಲ್ಲಿಂಗ. ಮನೆಮಾತನ್ನು ಚೆನ್ನಾಗಿ ಬಲ್ಲ ಮಗುವಿಗೆ ಇದು ಒಗಟಿನ ಆಟವಾಗುತ್ತದೆ. ಆದ್ದರಿಂದ ಉರ್ದುವನ್ನು ಬಿಡಿಸಿ ಫ್ರೆಂಚ್ ಕಲಿಸುವುದು ಅವಿವೇಕ. ಕನ್ನಡದಲ್ಲಿ ಒಂದು ಅರ್ಜಿ ಬರೆಯಲು ತಡವರಿಸುವ ಮಗುವನ್ನು ಫ್ರೆಂಚ್ ಶಿಬಿರಕ್ಕೆ ಕಳಿಸುವುದು ಅದಕ್ಕಿಂತ ದೊಡ್ಡ ಅವಿವೇಕ. ಅಂತಹ ಮಗುವಿಗೆ ಈ ರಜೆಯ 60 ಗಂಟೆಗಳು ಕನ್ನಡಕ್ಕೇ ಸಲ್ಲಲಿ. ಬ್ಯಾಂಕು, ಆಸ್ಪತ್ರೆ, ತಾಲೂಕು ಕಚೇರಿಗಳಲ್ಲಿ ಅದರ ಕೈಹಿಡಿಯುವುದು ಕನ್ನಡ.

ಒಳ್ಳೆಯ ಶಿಬಿರ ನಮ್ಮೂರಿನಲ್ಲಿ ಸಿಗದಿದ್ದರೆ? ಬೆಂಗಳೂರಿನಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಆದರೆ ಗಣಿಯಲ್ಲಿ ದುಡಿಯುವ ಸಂಡೂರಿನ ತಂದೆಯೂ ಗದ್ದೆಯನ್ನು ನಂಬಿದ ಕಂಪ್ಲಿಯ ಕುಟುಂಬವೂ ಮಗುವನ್ನು ಅಲ್ಲಿಗೆ ಕಳಿಸಲಾರರು. ನಮ್ಮದು ಬೇರೆ ಸಲಹೆ. ಹಂಪಿಯ ಪ್ರವಾಸೋದ್ಯಮದ ಕಾಲ ಅಕ್ಟೋಬರಿನಿಂದ ಫೆಬ್ರವರಿಯವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಮಾರ್ಗದರ್ಶಿಗಳಿಗೆ ಕೆಲಸ ಕಡಿಮೆ. ಮಕ್ಕಳಿಗೆ ರಜೆಯೂ ಆಗಲೇ. ಒಂದು ಮೊಹಲ್ಲಾದ ಹತ್ತು ಕುಟುಂಬಗಳು ಜಾತಿ ಮತ ನೋಡದೆ ಒಂದುಗೂಡಿ, ಫ್ರೆಂಚ್ ಬಲ್ಲ ಮಾರ್ಗದರ್ಶಿಯನ್ನೂ ಮಕ್ಕಳಿಗೆ ಪಾಠ ಹೇಳಿ ಅನುಭವವಿರುವ ಶಿಕ್ಷಕಿಯನ್ನೂ ಜೊತೆಯಾಗಿ ಏಕೆ ಕರೆಯಬಾರದು? ಒಬ್ಬರಿಗೆ ಭಾಷೆ ಗೊತ್ತು, ಇನ್ನೊಬ್ಬರಿಗೆ ಮಕ್ಕಳು ಗೊತ್ತು.

ಇಲ್ಲಿ ಸರಕಾರದ ಹೊಣೆಯೂ ಇದೆ. ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈಯಲ್ಲಿ ತೆರವುಗೊಳಿಸಲಾಯಿತು. ಪರಂಪರೆಯ ಕಲ್ಲನ್ನು ಕಾಯುವುದು ಸರಿ, ಆ ಕಲ್ಲಿನ ಪಕ್ಕದಲ್ಲಿ ಬೆಳೆಯುವ ಮಕ್ಕಳನ್ನು ಕಾಯುವವರು ಯಾರು? 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಎರಡೂ ಜಿಲ್ಲಾಡಳಿತಗಳಿಗೆ ನಾವು ಮನವಿ ಸಲ್ಲಿಸೋಣ. ರಜೆಯಲ್ಲಿ ಬೀಗ ಬಿದ್ದಿರುವ ಸರಕಾರಿ ಶಾಲೆಗಳ ಕೊಠಡಿಗಳನ್ನು ಬೆಳಗಿನ ಮೂರು ಗಂಟೆಗಳ ಕಾಲ ಭಾಷಾ ಶಿಬಿರಗಳಿಗೆ ತೆರೆದುಕೊಡಲಿ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ, ಕೀಲಿಕೈ.

ಕೊನೆಯದಾಗಿ ಒಂದು ಮಾತು. ಗಂಡು ಮಗುವನ್ನು ಶಿಬಿರಕ್ಕೆ ಕಳಿಸಿ ಹೆಣ್ಣು ಮಗುವನ್ನು ಅಡುಗೆಮನೆಗೆ ನೂಕುವ ಪರಿಪಾಠ ನಮ್ಮಲ್ಲಿ ಇನ್ನೂ ಇದೆ. ಹುಡುಗ ಕಲಿತ ಭಾಷೆ ಅವನ ಜೊತೆ ಹೊರಗೆ ಹೋಗುತ್ತದೆ. ಹುಡುಗಿ ಕಲಿತ ಭಾಷೆ ಅವಳ ಜೊತೆ ಹೊರಗೂ ಹೋಗುತ್ತದೆ, ನಾಳೆ ಅವಳ ಮಕ್ಕಳ ಬಾಯಿಗೂ ಬರುತ್ತದೆ. ಈ ಬೇಸಿಗೆಯಲ್ಲಿ ಹತ್ತು ಮಕ್ಕಳ ಪಟ್ಟಿ ಬರೆಯಲು ಕುಳಿತಾಗ ಅದರಲ್ಲಿ ಐವರು ಹೆಣ್ಣು ಮಕ್ಕಳಿರಲಿ. ಪಟ್ಟಿಯನ್ನು ಇಂದೇ, ಈ ಸಭೆ ಮುಗಿದೊಡನೆಯೇ ಬರೆಯಲು ಆರಂಭಿಸೋಣ.