ಕೋಟೆಯೂ ಕೆರೆಯೂ
(ಹೊಸಕೋಟೆಯ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿಗೆ ಹೆಸರು ಬಂದುದು ಕೋಟೆಯಿಂದ. ಸುಗಟೂರು ಮನೆತನದ ನಾಡಪ್ರಭುಗಳು 1595ರ ಸುಮಾರಿನಲ್ಲಿ ಇಲ್ಲಿ ಹೊಸದಾಗಿ ಕೋಟೆಯನ್ನೂ ದೊಡ್ಡ ಕೆರೆಯನ್ನೂ ಕಟ್ಟಿಸಿದರು. ಕೋಟೆಯು ಬಿಜಾಪುರದವರಿಗೆ, ಷಹಾಜಿಗೆ, ಮರಾಠರಿಗೆ, ಹೈದರಲಿಗೆ ಹೀಗೆ ಕೈಯಿಂದ ಕೈಗೆ ಹೋಯಿತು. ಇಂದು ಹೆಸರಿನಲ್ಲಿ ಉಳಿದಷ್ಟು ನೆಲದ ಮೇಲೆ ಉಳಿದಿಲ್ಲ. ಸುಮಾರು ಎರಡು ಮೈಲಿ ಉದ್ದದ ಕೆರೆಯ ಏರಿಯಾದರೋ ನಿಂತೇ ಇದೆ.

1768ರ ಆಗಸ್ಟಿನಲ್ಲಿ ಇಂಗ್ಲಿಷರ ಪಕ್ಷದ ಮುರಾರಿರಾಯನ ಶಿಬಿರವು ಈ ಊರ ಬಳಿ ಇದ್ದಾಗ ಹೈದರನ ದಂಡು ಇರುಳಿನಲ್ಲಿ ಅದರ ಮೇಲೆ ಬಿದ್ದಿತು. ಆ ಯುದ್ಧದ ಫಲವೇನು? 1769ರ ಏಪ್ರಿಲಿನಲ್ಲಿ ಮದರಾಸಿನ ಕೌಲು ಆಯಿತು. ಗೆದ್ದ ನೆಲಗಳನ್ನು ಬಹುಮಟ್ಟಿಗೆ ಪರಸ್ಪರ ಹಿಂದಿರುಗಿಸಿದರು! ಒಬ್ಬರ ಮೇಲೆ ಹಗೆಗಳು ಬಿದ್ದರೆ ಇನ್ನೊಬ್ಬರು ನೆರವಾಗತಕ್ಕದ್ದೆಂದೂ ಒಪ್ಪಿದರು. ಆದರೆ ಮರಾಠರು ಮೈಸೂರಿನ ಮೇಲೆ ಬಂದಾಗ ಇಂಗ್ಲಿಷರು ನೆರವಾಗಲಿಲ್ಲ. ಕೊಟ್ಟ ಮಾತನ್ನು ಕಾಯುವ ಮಧ್ಯಸ್ಥನೂ ಇರಲಿಲ್ಲ. 1780ರಲ್ಲಿ ಮತ್ತೆ ಯುದ್ಧ. 1791ರಲ್ಲಿ ಕಾರ್ನವಾಲಿಸನ ಸೇನೆ ಇದೇ ಹೊಸಕೋಟೆಯನ್ನು ಹಿಡಿದು ಬೆಂಗಳೂರಿಗೆ ನಡೆಯಿತು.

ಕೆರೆಯ ವಿಷಯವನ್ನು ಇಲ್ಲಿನ ರೈತರು ನಮಗಿಂತ ಚೆನ್ನಾಗಿ ಬಲ್ಲರು. ಹೂಳು ತೆಗೆಯಬೇಕು, ತೂಬು ನೋಡಬೇಕು, ಕೋಡಿ ಕಾಯಬೇಕು. ನೀರುಗಂಟಿಗೆ ಸಲ್ಲತಕ್ಕ ಆಯವನ್ನು ನಿಲ್ಲಿಸಿದ ಊರಿನಲ್ಲಿ ನೀರಿಗಾಗಿ ಬಡಿದಾಟ ಹುಟ್ಟುತ್ತದೆ. ಸಂಧಾನವೂ ಹೀಗೆಯೇ, ಕಾಗದಕ್ಕೆ ಮೊಹರು ಹಾಕಿದಲ್ಲಿಗೆ ಮುಗಿಯುವ ಕೆಲಸವಲ್ಲ.

ಲೋಕವು ಈ ನೀರುಗಂಟಿಗೆ ಕೊಡುತ್ತಿರುವ ಆಯವನ್ನು ನೋಡಿರಿ. 2024ರಲ್ಲಿ ರಾಷ್ಟ್ರಗಳೆಲ್ಲ ಸೇನೆಗೆ ವ್ಯಯಿಸಿದುದು ಸುಮಾರು 2 ಲಕ್ಷ 70 ಸಾವಿರ ಕೋಟಿ ಡಾಲರು. ವಿಶ್ವಸಂಸ್ಥೆಯ ಶಾಂತಿಪಾಲನೆಗೆ 2024-25ರಲ್ಲಿ ಗೊತ್ತುಮಾಡಿದುದು ಸುಮಾರು 560 ಕೋಟಿ. ಮದ್ದುಗುಂಡಿಗೆ 480 ರೂಪಾಯಿ ಕೊಟ್ಟವನು ಶಾಂತಿಗೆ 1 ರೂಪಾಯಿ ಎಸೆದಂತಾಯಿತು.

ಶಾಂತಿಯ ಮಾತು ಹೇಡಿಗಳದೆಂದು ಕೆಲವರು ನಗುವರು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಹೇಡಿಗಳೇ? 1948ರಲ್ಲಿ ಜೋಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನೇರಿಸಿದ ವೀರರು ಅವರು. ಅವರೇ 1953ರಲ್ಲಿ ಕೊರಿಯದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ತಾಯ್ನಾಡಿಗೆ ಮರಳಲೊಲ್ಲದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ಜಟಿಲ ಪ್ರಶ್ನೆಯನ್ನು ಹೊತ್ತರು. 1964ರಲ್ಲಿ ಗ್ರೀಕರೂ ತುರ್ಕರೂ ಹೊಡೆದಾಡುತ್ತಿದ್ದ ಸೈಪ್ರಸ್ಸಿಗೆ ಶಾಂತಿಪಡೆಯ ದಂಡನಾಯಕರಾಗಿ ಹೋಗಿ, 1965ರ ಡಿಸೆಂಬರಿನಲ್ಲಿ ಅಲ್ಲಿಯೇ, ಆ ಕಾರ್ಯದಲ್ಲಿದ್ದಾಗಲೇ ತೀರಿಕೊಂಡರು. ಕದನವನ್ನು ಕಣ್ಣಾರೆ ಕಂಡವರಿಗೆ ಸಂಧಾನದ ಬೆಲೆ ತಿಳಿದಿರುತ್ತದೆಂದು ನಮಗೆ ತೋರುತ್ತದೆ.

ಸೇನೆಯನ್ನು ಇಂದೇ ವಿಸರ್ಜಿಸಿರೆಂದು ನಾವು ಹೇಳುವುದಿಲ್ಲ. ಗಡಿಗೆ ಕಾವಲು ಬೇಕು. ಆದರೆ ಅಣ್ವಸ್ತ್ರವು ಕಾವಲೇ? 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಿದ್ದುದು ಒಂದೇ ಬಾಂಬು. ವರ್ಷ ಮುಗಿಯುವುದರೊಳಗೆ ಸತ್ತವರು ಸುಮಾರು 1 ಲಕ್ಷ 40 ಸಾವಿರ. ಇಂದು ಒಂಬತ್ತು ರಾಷ್ಟ್ರಗಳ ಬಳಿ ಅಂತಹವು 12 ಸಾವಿರದಷ್ಟಿವೆ. ನಮ್ಮ ದೇಶವೂ 1998ರಿಂದ ಬಹಿರಂಗವಾಗಿ ಆ ಪಂಕ್ತಿಯಲ್ಲಿ ಕುಳಿತಿದೆ. ಹಗೆಯು ಹೆದರಿ ಸುಮ್ಮನಿರುವನೆಂಬುದೇ ಅದರ ಪರವಾದ ವಾದ. ಹೆದರಿಕೆಯಲ್ಲಿ ಒಮ್ಮೆ ಲೆಕ್ಕ ತಪ್ಪಿದರೆ, ಕೌಲು ಬರೆಯಲು ಯಾವ ಪಕ್ಷದಲ್ಲಿ ಯಾರು ಉಳಿದಿರುವರು?

ಉಪಾಧ್ಯಾಯರಲ್ಲಿ ಒಂದು ಬಿನ್ನಹ. ಮೈಸೂರು ಯುದ್ಧಗಳ ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೀರಿ. 1769ರ ಕೌಲು ಏಕೆ ಮುರಿಯಿತೆಂದೂ ಒಂದು ಪ್ರಶ್ನೆ ಕೇಳಿರಿ. ಮಹಾಜನರೂ ಆಯವ್ಯಯದ ಕಾಲದಲ್ಲಿ ತಮ್ಮ ಪ್ರತಿನಿಧಿಯನ್ನು ಕಂಡು, ನೀರುಗಂಟಿಯ ಪಾಲೆಷ್ಟೆಂದು ವಿಚಾರಿಸಬೇಕು.